ಕರಿಗಲ್ಲು ಕಾಯ್ದ ಹುಲ್ಲುಗಾವಲು

ಮುಂಬಯಿ–ಪುಣೆಗಳ ನಡುವೆ ಓಡಾಡುವ ನಾವು ಘಟ್ಟದ ಕರಿಗಲ್ಲನ್ನು ಎಷ್ಟು ಬಾರಿ ನೋಡಿದ್ದೇವೋ ಲೆಕ್ಕವಿಲ್ಲ. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ತಣಿದ ಲಾವಾ. ಅದೇ ಕಲ್ಲು ಸವೆದು ವಿಜಯಪುರ, ಕಲಬುರಗಿಗಳ ಎರೆಮಣ್ಣಾಯಿತು. ಆದರೆ ಹಸಿ ಲಾವಾದ ಮೇಲೆ ಮೊದಲ ಹಿಡಿ ಮಣ್ಣು ಕೂಡಿದ್ದು ಹೇಗೆ, ಮೊದಲ ಗಿಡ ಬೇರೂರಿದ್ದು ಹೇಗೆ ಎಂದು ಕೇಳಿದರೆ ನಮ್ಮ ದಖ್ಖಣ ಉತ್ತರ ಕೊಡಲಾರದು. ಅದರ ಬಾಲ್ಯದ ಗುರುತುಗಳು ಅಳಿಸಿಹೋಗಿವೆ. ಅದನ್ನರಿಯಲು ಲಾವಾ ಇನ್ನೂ ಎಳೆಯದಾಗಿರುವ ನಾಡೊಂದನ್ನು ನೋಡಬೇಕು. ಅಮೆರಿಕದ ಐಡಹೊ ರಾಜ್ಯದ ‘ಕ್ರೇಟರ್ಸ್ ಆಫ್ ದಿ ಮೂನ್’, ಎಂದರೆ ಚಂದ್ರನ ಕುಳಿಗಳು, ಅಂತಹ ನಾಡು. ಅಲ್ಲಿ ಲಾವಾ ಹರಿಯತೊಡಗಿದ್ದು ಸುಮಾರು 15,000 ವರ್ಷಗಳ ಹಿಂದೆ, ಕಡೆಯದಾಗಿ ಹರಿದದ್ದು ಸುಮಾರು 2,000 ವರ್ಷಗಳ ಹಿಂದೆ. ನಮ್ಮಲ್ಲಿ ಆಗ ಶಾತವಾಹನರ ಕಾಲ.

ಶೋಶೋನಿ ಜನರು ಈ ಕಲ್ಲುಸೀಮೆಯ ಅಂಚಿನಲ್ಲಿ ತಲೆಮಾರುಗಳಿಂದ ಹಾದುಹೋಗುತ್ತಿದ್ದರು. ಅವರ ಜಾಡನ್ನೇ ಹಿಡಿದು 1862ರಲ್ಲಿ ಟಿಮ್ ಗುಡೇಲ್ ಎಂಬಾತ ಸಾವಿರಕ್ಕೂ ಹೆಚ್ಚು ವಲಸೆಗಾರರನ್ನೂ 338 ಬಂಡಿಗಳನ್ನೂ ಪಶ್ಚಿಮಕ್ಕೆ ನಡೆಸಿದ. ಬಂಡಿಗಳು ಅಂಚಿನಲ್ಲೇ ಸರಿದುಹೋದವು. ಒಳಗೆ ಹೊಕ್ಕು ನೋಡುವ ಕಾರಣ ಯಾರಿಗೂ ಇರಲಿಲ್ಲ. 1920ರಲ್ಲಿ ರಾಬರ್ಟ್ ಲಿಂಬರ್ಟ್ ಒಬ್ಬ ಗೆಳೆಯ ಮತ್ತು ಒಂದು ನಾಯಿಯೊಡನೆ 17 ದಿನಗಳಲ್ಲಿ 80 ಮೈಲಿ ನಡೆದು ಇದನ್ನು ದಾಟಿದರು. ಲಾವಾದ ಅಲಗುಗಳಿಗೆ ನಾಯಿಯ ಪಾದಗಳು ಕಿತ್ತುಹೋದವು. ಪಾರಿವಾಳಗಳು ಹಾರುವ ದಿಕ್ಕು ನೋಡಿ ನೀರು ಹುಡುಕಿದರಂತೆ. 1924ರ ಮಾರ್ಚ್‌ನಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಅವರ ಲೇಖನವನ್ನು ಪ್ರಕಟಿಸಿತು. ಮೇ 2ರಂದು ಅಧ್ಯಕ್ಷ ಕಾಲ್ವಿನ್ ಕೂಲಿಜ್ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. 1969ರಲ್ಲಿ ಅಪೊಲೊ ಗಗನಯಾತ್ರಿಗಳು ಭೂವಿಜ್ಞಾನದ ಪಾಠಕ್ಕೆಂದು ಇಲ್ಲಿಗೇ ಬಂದರು. ಆದರೂ ಈ ಹೆಸರು ನಮಗೆ ಅಷ್ಟು ಒಪ್ಪುವುದಿಲ್ಲ. ಚಂದ್ರನಲ್ಲಿ ಹೂ ಅರಳುವುದಿಲ್ಲ. ಇಲ್ಲಿ ಜೂನ್ ತಿಂಗಳಲ್ಲಿ ಅರಳುತ್ತದೆ.

ಅರಳುವುದು ಎಂಥ ನೆಲದಲ್ಲಿ ಎಂಬುದನ್ನು ನೋಡಬೇಕು. ಜ್ವಾಲಾಮುಖಿ ಉಗುಳಿದ ಕಿಟ್ಟ, ಕಮ್ಮಾರನ ಕುಲುಮೆಯಲ್ಲಿ ಉಳಿಯುವಂಥದೇ ತೂತುತೂತಾದ ಹಗುರ ಕಲ್ಲು, ಇಲ್ಲಿ ಗುಡ್ಡಗುಡ್ಡವಾಗಿ ಬಿದ್ದಿದೆ. ಬೇಸಿಗೆಯಲ್ಲಿ ಅದರ ಮೈ 60 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಕರಗಿದ ಹಿಮದ ನೀರು ಜರಡಿಯಲ್ಲಿ ಸುರಿದಂತೆ ಕೆಳಗಿಳಿದುಬಿಡುತ್ತದೆ. ಇಂತಲ್ಲಿ ಡ್ವಾರ್ಫ್ ಬಕ್‌ವೀಟ್ ಎಂಬ ಕುಳ್ಳು ಗಿಡ ಬದುಕುತ್ತದೆ. ನೆಲದ ಮೇಲೆ ಕಾಣುವುದು ನಾಲ್ಕು ಅಂಗುಲ, ಕೆಳಗೆ ಬೇರಿನ ಹರವು ಮೂರು ಅಡಿಯಷ್ಟು. ಗಿಡಗಿಡದ ನಡುವೆ ಅಳತೆ ಹಿಡಿದು ನೆಟ್ಟಂತೆ ಅಂತರ. ನೋಡುವವರು ತೋಟಗಾರನ ಕೈವಾಡವೆಂದುಕೊಳ್ಳಬಹುದು, ಆದರೆ ಅದು ನೀರಿನ ಪಾಲುಪಟ್ಟಿ. ಎಲೆಗಳ ಮೇಲಿನ ಬೆಳ್ಳಿಬಣ್ಣದ ರೋಮ ಬಿಸಿಲನ್ನು ಹಿಂದಕ್ಕಟ್ಟುತ್ತದೆ. ಗುಡ್ಡಗಳ ಉತ್ತರ ಮಗ್ಗುಲಲ್ಲಿ ಹಿಮ ತಡವಾಗಿ ಕರಗುವುದರಿಂದ ಅಲ್ಲಿ ಮರಗಳೂ ನಿಲ್ಲುತ್ತವೆ.

ಮಣ್ಣಿನ ವಿಷಯವೇ ನಮ್ಮನ್ನು ಹೆಚ್ಚು ಬೆರಗುಗೊಳಿಸಿದ್ದು. ನಮ್ಮ ಎರೆಮಣ್ಣಿನಂತೆ ಇಲ್ಲಿಯೂ ಕಲ್ಲೇ ಕರಗಿ ಮಣ್ಣಾಗಿರಬೇಕೆಂದು ನಾವು ಭಾವಿಸಿದ್ದೆವು. ಅದಕ್ಕೆ ಎರಡು ಸಾವಿರ ವರ್ಷ ಸಾಲದು. ಇಲ್ಲಿನ ಮಣ್ಣಿನ ಬಹುಪಾಲು ಗಾಳಿ ಹೊತ್ತು ತಂದ ನಯವಾದ ಧೂಳು. ಅದು ಲಾವಾದ ಬಿರುಕುಗಳಲ್ಲಿ ತಂಗುತ್ತದೆ, ಬಿರುಕಿನಲ್ಲಿ ಬೀಜ ಬೀಳುತ್ತದೆ, ಗಿಡ ಇನ್ನಷ್ಟು ಧೂಳನ್ನು ತಡೆದು ಹಿಡಿಯುತ್ತದೆ. ಈ ಕ್ರಮವನ್ನು ವಿಲ್ಲಿಸ್ ಎಗ್ಲರ್ ಎಂಬ ಸಸ್ಯವಿಜ್ಞಾನಿ 1941ರಲ್ಲಿ ವಿಸ್ತಾರವಾಗಿ ದಾಖಲಿಸಿದರು. ಧೂಳು ಆಳವಾಗಿ ಕೂಡಿದ ಕಡೆ ಸೇಜ್‌ಬ್ರಷ್ ಪೊದೆಗಳೂ ಅವುಗಳ ನಡುವೆ ಗೊಂಚಲು ಹುಲ್ಲೂ ಬೆಳೆಯುತ್ತವೆ. ಸೇಜ್‌ಬ್ರಷ್ ನಮಗೆ ತೀರ ಅಪರಿಚಿತವಲ್ಲ. ದವನದ ಹುಣ್ಣಿಮೆಯ ದವನ, ಗಣೇಶನ ಪತ್ರಪೂಜೆಯ ಮಾಚಿಪತ್ರೆ, ಇವೆಲ್ಲ ಆರ್ಟಿಮಿಸಿಯಾ ಎಂಬ ಒಂದೇ ಕುಲದವು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಬಯಲಿಗೆ ದನ, ಕುರಿಗಳ ಮಂದೆಗಳು ಬಂದವು. ಗೊರಸನ್ನು ಹೆಚ್ಚು ಕಾಣದ ಗೊಂಚಲು ಹುಲ್ಲು ಸೋತಿತು. ತೆರವಾದ ನೆಲಕ್ಕೆ ಚೀಟ್‌ಗ್ರಾಸ್ ಎಂಬ ಪರದೇಶಿ ವಂಚಕ ಹುಲ್ಲು ನುಗ್ಗಿತು. ಅದು ಶರತ್ಕಾಲದಲ್ಲೇ ಮೊಳೆತು, ಬೇಸಿಗೆಯ ಮೊದಲಲ್ಲೇ ಒಣಗಿ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಸುಟ್ಟ ದೊಡ್ಡ ಸೇಜ್‌ಬ್ರಷ್ ಬುಡದಿಂದ ಮತ್ತೆ ಚಿಗುರದು, ಬೀಜದಿಂದಲೇ ಬರಬೇಕು. ಅದು ಬರುವಷ್ಟರಲ್ಲಿ ಮತ್ತೊಮ್ಮೆ ಬೆಂಕಿ. ಮೇವಿನ ಅತಿಬಳಕೆಯನ್ನು ತಡೆಯಲು 1934ರಲ್ಲಿ ಟೇಲರ್ ಕಾಯಿದೆ ಬರುವ ವೇಳೆಗೆ ಅಲ್ಲಿನ ಹುಲ್ಲುಗಾವಲು ಮೊದಲು ಹೇಗಿತ್ತೆಂದು ತೋರಿಸುವ ನೆಲವೇ ಅಪರೂಪವಾಗಿತ್ತು.

ಆ ನೆಲವನ್ನು ಉಳಿಸಿಕೊಟ್ಟದ್ದು ಯಾರಿಗೂ ಬೇಡವಾಗಿದ್ದ ಲಾವಾ. ಹರಿಯುವಾಗ ಅದು ಕೆಲವು ತುಂಡು ಹಳೆಯ ನೆಲವನ್ನು ಮುಳುಗಿಸದೆ ಸುತ್ತುವರಿದಿತ್ತು. ಇಂತಹ ನಡುಗಡ್ಡೆಗಳಿಗೆ ಹವಾಯಿ ಭಾಷೆಯಿಂದ ಬಂದ ಹೆಸರು ಕಿಪುಕಾ. ಸುತ್ತಲೂ ಚೂಪುಗಲ್ಲು, ಒಳಗೆ ನೀರಿಲ್ಲ, ಮಂದೆ ಹೋಗುವಂತಿಲ್ಲ. ಅವುಗಳಲ್ಲೊಂದಾದ ಕೇರಿ ಕಿಪುಕಾ ಸುಮಾರು 180 ಎಕರೆ. 1962ರ ನವೆಂಬರಿನಲ್ಲಿ ಅಧ್ಯಕ್ಷ ಕೆನಡಿ ಅದನ್ನು ಸ್ಮಾರಕಕ್ಕೆ ಸೇರಿಸಿದರು, ಅಲ್ಲಿನ ಸೇಜ್‌ಬ್ರಷ್ ಮತ್ತು ಹುಲ್ಲು ಮನುಷ್ಯರಿಂದಲೂ ಸಾಕುಪ್ರಾಣಿಗಳಿಂದಲೂ ಕೆಡದೆ ಉಳಿದಿವೆ ಎಂಬ ಕಾರಣಕ್ಕಾಗಿಯೇ. 1965ರಲ್ಲಿ ಟಿಸ್‌ಡೇಲ್, ಹಿರೊನಾಕಾ, ಫಾಸ್‌ಬರ್ಗ್ ಎಂಬ ಮೂವರು ವಿಜ್ಞಾನಿಗಳು ಅಲ್ಲಿನ ಗಿಡ–ಮಣ್ಣುಗಳ ವಿವರವನ್ನು ಪ್ರಕಟಿಸಿದರು. ಹೊರಗಿನ ಬಯಲು ಎಷ್ಟು ಕೆಟ್ಟಿದೆ ಎಂದು ಅಳೆಯಲು ಒಂದು ಅಳತೆಗೋಲು ಸಿಕ್ಕಂತಾಯಿತು. 2000ರ ನವೆಂಬರಿನಲ್ಲಿ ಅಧ್ಯಕ್ಷ ಕ್ಲಿಂಟನ್ ಸ್ಮಾರಕವನ್ನು ಏಳು ಲಕ್ಷ ಎಕರೆಗೂ ಮಿಕ್ಕಿ ವಿಸ್ತರಿಸಿದಾಗ ಇನ್ನೂ ಅನೇಕ ಕಿಪುಕಾಗಳು ಅದರೊಳಗೆ ಬಂದವು.

ಲಾವಾ ಗೊರಸನ್ನು ತಡೆಯಿತು, ಆದರೆ ಬೀಜವನ್ನು ತಡೆಯಲಾರದು. ಚೀಟ್‌ಗ್ರಾಸಿನ ಮುಳ್ಳುಬಾಲದ ಬೀಜ ಪ್ರಾಣಿಗಳ ತುಪ್ಪಳಕ್ಕೂ ನಡೆಯುವವರ ಕಾಲುಚೀಲಕ್ಕೂ ಅಂಟಿಕೊಂಡು ಕಿಪುಕಾಗಳನ್ನು ತಲುಪುತ್ತಿದೆ. ಹುಲ್ಲುಗಾವಲನ್ನು ಅಳೆಯಲು ಹೋದವರ ಕಾಲುಚೀಲಕ್ಕೂ ಅದು ಅಂಟಿಕೊಳ್ಳುತ್ತದೆ.