ಸಪ್ಪಳವಿಲ್ಲದ ಯಂತ್ರ: ಬೆಟಗೇರಿಯ ಮಗ್ಗದಿಂದ ದೋಸ್ತ ಕಟ್ಟಿಕೊಟ್ಟ ಕಂಪ್ಯೂಟರ್‌ವರೆಗೆ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ.)

ಈ ವಾರ ರಾಜ-ಮಹಾರಾಜರ ಇತಿಹಾಸ ಅಲ್ಲ, ಒಂದು ಕರಿ ಡಬ್ಬಿಯ ಇತಿಹಾಸ ಹೇಳಬೇಕಂತ ಕೂತೀನಿ. ಆ ಡಬ್ಬಿ ಒಂದು ಗೇಮಿಂಗ್ ಕಂಪ್ಯೂಟರ್. ಲಕ್ಷ್ಮೇಶ್ವರದ ನನ್ನ ದೋಸ್ತ ತನ್ನ ಕೈಯಾರೆ ಜೋಡಿಸಿ ಕೊಟ್ಟದ್ದು. "ನನ್ನ ಹೆಸರು ಮಾತ್ರ ಹೇಳಬ್ಯಾಡ ಮಾರಾಯಾ, ನಾಳೆಯಿಂದ ಊರೆಲ್ಲಾ ಬಂದು ಕೂಡ್ತದ" ಅಂತ ಹೇಳ್ಯಾನ. ಅದಕ್ಕ ಅವನನ್ನು ದೋಸ್ತ ಅಂತಲೇ ಕರೀತೀನಿ.

ನಾನು ಅವನ ಮುಂದೆ ಇಟ್ಟ ಷರತ್ತು ಒಂದೇ. ಆಟ ಸ್ವಲ್ಪ ನಿಧಾನ ಆದರೂ ನಡೀತದ, ಸಪ್ಪಳ ಬರಬಾರದು. ಅವನು ನಕ್ಕ. ಸಾಮಾನ್ಯವಾಗಿ ಹುಡುಗರು ಬಂದು ಲೈಟ್ ಎಷ್ಟು ಬಣ್ಣ ಅದಾವ, ಎಷ್ಟು ಫ್ರೇಮ್ ಬರ್ತಾವ ಅಂತ ಕೇಳ್ತಾರಂತೆ. ಸಪ್ಪಳದ ಮಾತು ಮೊದಲು ಎತ್ತಿದವ ನಾನೇ ಅಂತೆ.

ಯಾಕೆ ಎತ್ತಿದೆ ಅನ್ನೋದಕ್ಕೆ ನಮ್ಮ ಮನೆಯ ಕಥೆ ಹೇಳಬೇಕು. ನಮ್ಮ ಮನೆ ಬೆಟಗೇರಿಯಲ್ಲಿ. ಅಪ್ಪ ಮೂವತ್ತು ವರ್ಷ ಪವರ್‌ಲೂಮಿನಲ್ಲಿ ದುಡಿದವರು. ಈಗ ಎರಡೂ ಕಿವಿ ಮಂದ. ಪೂರ್ತಿ ಕೇಳುವುದಿಲ್ಲ ಅಂತಲ್ಲ, ಅಕ್ಷರ ಕಳೆದುಹೋಗುತ್ತವೆ. ಸದ್ದಿನಿಂದ ಕೆಡುವ ಕಿವಿ ಮೊದಲು ಕಳೆದುಕೊಳ್ಳುವುದು ಸಣ್ಣ, ಚೂಪಾದ ಧ್ವನಿಗಳನ್ನು. ಸ, ಶ, ತ, ಕ ಇಂಥವು. "ಸಾರು ಹಾಕಲೇನು" ಅಂದರೆ ಅವರಿಗೆ "ಆರು" ಅಂತ ಕೇಳುತ್ತದೆ. "ಏನ್ ಆರು?" ಅಂತಾರೆ. ಮೊದಮೊದಲು ಎಲ್ಲರೂ ನಗುತ್ತಿದ್ದೆವು. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು, ನಾವು ನಗುವುದನ್ನೂ ಬಿಟ್ಟೆವು.

ಕಿವಿಯ ಮಷೀನು ತಂದೆವು. ಅದರಿಂದ ಮಾತು ಸುಮಾರು ತಿಳೀತಿತ್ತು. ಆದರೆ ಅದು ಮಾತನ್ನಷ್ಟೇ ದೊಡ್ಡದು ಮಾಡುವುದಿಲ್ಲ, ಒಂದೇ ಸಮನೆ ಗುಂಯ್‌ಗುಡುವ ಸದ್ದನ್ನೂ ದೊಡ್ಡದು ಮಾಡುತ್ತದೆ. ನಮ್ಮದು ಪಡಸಾಲೆ, ಅಡಿಗಿಮನಿ, ಒಂದು ಕೋಣೆ, ಇಷ್ಟೇ ಮನೆ. ಪಡಸಾಲೆಯಲ್ಲಿ ನನ್ನ ಹಳೆಯ ಕಂಪ್ಯೂಟರ್ ಇತ್ತು. ಯಾವುದೋ ಆಫೀಸಿನಲ್ಲಿ ಬಳಸಿ ಬಿಟ್ಟಿದ್ದನ್ನು ತಂದು ಗ್ರಾಫಿಕ್ಸ್ ಕಾರ್ಡ್ ಸೇರಿಸಿಕೊಂಡಿದ್ದೆ. ರಾತ್ರಿ ಆಟ ಶುರು ಮಾಡಿದ ಐದು ನಿಮಿಷಕ್ಕೆ ಅದು ಹಿಟ್ಟಿನ ಗಿರಣಿ ಆಗುತ್ತಿತ್ತು. ಒಂದು ರಾತ್ರಿ ತಿರುಗಿ ನೋಡಿದರೆ ಅಪ್ಪ ಕಿವಿಯ ಮಷೀನು ತೆಗೆದು ಡಬ್ಬಿಯೊಳಗೆ ಇಡುತ್ತಿದ್ದರು. ಹೀಗೆ ಎಷ್ಟು ದಿನದಿಂದ ನಡೆದಿದೆ ಅಂತ ಅವ್ವನನ್ನು ಕೇಳಿದೆ. "ನೀ ಅದನ್ನ ಚಾಲೂ ಮಾಡಿದ ಕೂಡ್ಲೆ ತೆಗಿತಾರಪಾ, ದಿನಾ" ಅಂದಳು. ಅಂದರೆ ನಾನು ಹೆಡ್‌ಫೋನ್ ಹಾಕಿಕೊಂಡು ಆಟದೊಳಗೆ ವೈರಿಯ ಹೆಜ್ಜೆ ಸಪ್ಪಳ ಆಲಿಸುತ್ತಾ ಕೂತರೆ, ಅಪ್ಪನ ಪಾಲಿಗೆ ಇಡೀ ಮನೆಯೇ ಬಂದ್ ಆಗುತ್ತಿತ್ತು.

ಇಲ್ಲಿಂದ ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಅವಳಿ ಊರಿಗೆ ಸದ್ದು ಹೊಸದಲ್ಲ.

1840ರ ದಶಕದಲ್ಲಿ ಅಮೆರಿಕದ ಹತ್ತಿಯ ತಳಿಯನ್ನು ಬ್ರಿಟಿಷರು ಆಗಿನ ಧಾರವಾಡ ಜಿಲ್ಲೆಗೆ ತಂದು ಬೆಳೆಸಿದರು. ಗದಗ ಸೀಮೆಯ ಎರೆಮಣ್ಣಿಗೆ ಅದು ಒಗ್ಗಿತು. ಮುಂದೆ 'ಧಾರವಾಡ-ಅಮೆರಿಕನ್' ಅಂತಲೇ ಮಾರುಕಟ್ಟೆಯಲ್ಲಿ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತು, ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. 1880ರ ದಶಕದಲ್ಲಿ ಸದರ್ನ್ ಮರಾಠಾ ಕಂಪನಿಯ ರೈಲು ಗದಗಕ್ಕೆ ಮುಟ್ಟಿತು. ಹತ್ತಿಯ ಜಿನ್ನಿಂಗ್, ಪ್ರೆಸ್ಸಿಂಗ್ ಕಾರ್ಖಾನೆಗಳು ಬಂದವು. ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿನ ಗಡಗಡ ಈ ಊರಿನ ಮೊದಲ ದೊಡ್ಡ ಯಂತ್ರದ ಸದ್ದು ಅನ್ನಬಹುದು.

ಬೆಟಗೇರಿಯ ಮಗ್ಗದ ಸದ್ದು ಬೇರೆ. ಕುಣಿಮಗ್ಗದಲ್ಲಿ ನೇಕಾರ ಕಾಲು ಇಳಿಬಿಟ್ಟು ಕೂತು, ಲಾಳಿಯನ್ನು ಕೈಯಿಂದ ದಾಟಿಸುತ್ತಿದ್ದ ಕಾಲದಲ್ಲಿ ಸದ್ದು ಅವನ ಉಸಿರಿನ ವೇಗದಲ್ಲಿ ಇರುತ್ತಿತ್ತು. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಎಂಬಾತ ಹಗ್ಗ ಜಗ್ಗಿದರೆ ತಾನೇ ಓಡುವ ಲಾಳಿಗೆ ಪೇಟೆಂಟ್ ಪಡೆದ. ಆ ಲಾಳಿ ನಮ್ಮ ಕಡೆಗೂ ಬಂತು, ನೇಯ್ಗೆ ಚುರುಕಾಯಿತು, ಸದ್ದೂ ಏರಿತು. ಆಮೇಲೆ ಕರೆಂಟಿನ ಮಗ್ಗ ಬಂದ ಮೇಲೆ ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಬಡಿಯತೊಡಗಿತು. ಲಾಳಿಯ ಪವರ್‌ಲೂಮ್ ಶೆಡ್ಡಿನಲ್ಲಿ ಸದ್ದು 95ರಿಂದ 100 ಡೆಸಿಬೆಲ್ ಆಸುಪಾಸು ಇರುತ್ತದೆ. ನಮ್ಮ ದೇಶದ ಕಾರ್ಖಾನೆ ನಿಯಮಗಳ ಪ್ರಕಾರ ದಿನಕ್ಕೆ 8 ತಾಸಿಗೆ ಇರಬೇಕಾದ ಮಿತಿ 90. ಐದೇ ಹೆಚ್ಚಲ್ಲವೇ ಅನ್ನಬೇಡಿ. ಡೆಸಿಬೆಲ್ ಲೆಕ್ಕ ಸಂತೆಯ ಲೆಕ್ಕ ಅಲ್ಲ, ಪ್ರತಿ 3 ಏರಿದಾಗ ಸದ್ದಿನ ಶಕ್ತಿ ದುಪ್ಪಟ್ಟು ಆಗುತ್ತದೆ. ನಾಲ್ಕು ಮಗ್ಗ ಮನೆಯೊಳಗೇ ಇಟ್ಟುಕೊಂಡವರಿಗೆ ಈ ನಿಯಮ ಓದಿ ಹೇಳುವವರು ಯಾರು?

ಮೂರನೆಯದು ಗದಗಿನ ಛಾಪಖಾನೆಗಳ ಸದ್ದು. ಪುಸ್ತಕ, ನಿಘಂಟು, ಲಗ್ನಪತ್ರಿಕೆಗೆ ಗದಗು ಹೆಸರಾದ ಊರು. 1976ರಲ್ಲಿ ಲಾರಿ ವ್ಯವಹಾರಕ್ಕೆ ಇಳಿದು ವಿಆರ್‌ಎಲ್ ಕಟ್ಟಿದ ವಿಜಯ ಸಂಕೇಶ್ವರರೂ ಇಲ್ಲಿನ ಮುದ್ರಣ-ಪ್ರಕಾಶನದ ಮನೆತನದಿಂದಲೇ ಹೋದವರು. ಮೊಳೆ ಜೋಡಿಸಿ, ಟ್ರೆಡಲ್ ತುಳಿದು ಅಚ್ಚು ಹಾಕುವ ಕಾಲ ಮುಗಿದು, 1990ರ ದಶಕದಲ್ಲಿ ಡಿಟಿಪಿ ಬಂತು. ನಾನು ಹುಡುಗನಾಗಿದ್ದಾಗ ಮೊದಲ ಕಂಪ್ಯೂಟರ್ ನೋಡಿದ್ದು ಶಾಲೆಯಲ್ಲಲ್ಲ, ಛಾಪಖಾನೆಯ ಎಸಿ ಕೋಣೆಯ ಗಾಜಿನಾಚೆ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು, ಗುಡಿಯ ಹಾಗೆ.

ಆ ಕಂಪ್ಯೂಟರ್ ಎಲ್ಲಿಂದ ಬಂತು ಅನ್ನುವುದೂ ಒಂದು ಇತಿಹಾಸ. 1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದಾಗ ಅದರ ಬಹುತೇಕ ಭಾಗಗಳು ಅಂಗಡಿಯಲ್ಲಿ ಸಿಗುವಂಥವೇ ಆಗಿದ್ದವು. ಬೇರೆಯವರು ಅದನ್ನು ನೋಡಿ ಅಂಥದ್ದನ್ನೇ ಕಟ್ಟಿದರು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆಯನ್ನು ತಂದ ಮೇಲೆ ಯಾವ ಕಂಪನಿಯ ಬೋರ್ಡ್ ಆದರೂ ಯಾವ ಕಂಪನಿಯ ಡಬ್ಬಿಗಾದರೂ ಕೂಡುವಂತಾಯಿತು. ನಮ್ಮಲ್ಲಿ 1984ರ ಕಂಪ್ಯೂಟರ್ ನೀತಿ ಆಮದಿನ ಬಾಗಿಲು ಸ್ವಲ್ಪ ತೆರೆಯಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿ, ಬಿಡಿಭಾಗಗಳ ಸುಂಕ ಹಂತಹಂತವಾಗಿ ಇಳಿಯಿತು. ಗದಗ ಪ್ರತ್ಯೇಕ ಜಿಲ್ಲೆ ಆದದ್ದೂ ಅದೇ 1997ರಲ್ಲಿ, ಕಾಕತಾಳೀಯ ಅಷ್ಟೇ. ದಿಲ್ಲಿಯ ನೆಹರೂ ಪ್ಲೇಸ್, ಬೆಂಗಳೂರಿನ ಎಸ್‌ಪಿ ರೋಡಿನಿಂದ ಬಿಡಿಭಾಗ ತಂದು ಊರಲ್ಲಿ ಜೋಡಿಸುವ ಹುಡುಗರು ಹುಟ್ಟಿಕೊಂಡರು. 'ಅಸೆಂಬಲ್ಡ್' ಅನ್ನುವ ಪದ ಕನ್ನಡದ್ದೇ ಆಗಿಹೋಯಿತು.

ಈ ಇತಿಹಾಸದೊಳಗೂ ಸಪ್ಪಳದ್ದೊಂದು ಎಳೆ ಇದೆ. ಮೊದಲ ಪಿಸಿಯ ಪ್ರೊಸೆಸರ್ ಮೇಲೆ ಫ್ಯಾನೇ ಇರಲಿಲ್ಲ. 1984ರ ಆಪಲ್ ಮೆಕಿಂತೋಷ್ ಡಬ್ಬಿಯೊಳಗೆ ಒಂದೂ ಫ್ಯಾನ್ ಇರಲಿಲ್ಲ. 1993ರ ಪೆಂಟಿಯಮ್ ಬಂದ ಮೇಲೆ ಫ್ಯಾನ್ ಸಾಮಾನ್ಯವಾಯಿತು. 2004ರ ಹೊತ್ತಿಗೆ ಪೆಂಟಿಯಮ್ 4 ನೂರು ವ್ಯಾಟ್ ದಾಟಿತು. ಅಂದರೆ ಹಳೆಯ ನೂರು ಕ್ಯಾಂಡಲ್ ಬಲ್ಬು ಒಂದು ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಉರಿದ ಹಾಗೆ. 2003ರಲ್ಲಿ ಎನ್‌ವಿಡಿಯಾದ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಎಷ್ಟು ಕೂಗುತ್ತಿತ್ತು ಅಂದರೆ, ಜನ ಅದಕ್ಕೆ ಕಸ ಹೀರುವ ಮಷೀನಿನ ಹೆಸರಿಟ್ಟರು. ಕಂಪನಿಯೇ ತಮಾಷೆಯ ವಿಡಿಯೋ ಮಾಡಿ ನಕ್ಕಿತು.

ಈಗ ದೋಸ್ತನ ಕೆಲಸಕ್ಕೆ ಬರೋಣ. ಮುಂಡರಗಿಯಲ್ಲಿ ಒಬ್ಬ ಹುಡುಗ ಆರ್‌ಟಿಎಕ್ಸ್ 3060 ಕಾರ್ಡು ಮಾರುವವನಿದ್ದ. ಇಬ್ಬರೂ ಬೈಕಿನಲ್ಲಿ ಹೊರಟೆವು. ದಾರಿಯಲ್ಲಿ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. "ನೋಡಲೇ, ದೊಡ್ಡ ಫ್ಯಾನು, ನಿಧಾನ ತಿರುಗ್ತದ, ಸಪ್ಪಳ ಇಲ್ಲ" ಅಂದೆ. ದೋಸ್ತ ಬೈಕ್ ನಿಲ್ಲಿಸಿ ಪಾಠ ಶುರು ಮಾಡಿದ. "ನಿಧಾನ ಅಂತ ನಿನ್ನ ಕಣ್ಣು ಹೇಳ್ತದ. ಅದರ ರೆಕ್ಕಿ ತುದಿ ಗಂಟೆಗೆ 200 ಕಿಲೋಮೀಟರ್ ದಾಟಿ ಓಡ್ತದ. ಹತ್ರ ಹೋಗಿ ನಿಲ್ಲು, ಸುಂಯ್ ಅಂತದ. ಸಪ್ಪಳ ಇರೋದು ತುದಿ ವೇಗದಾಗ."

ಅವನ ಇಡೀ ಕಸುಬು ಈ ಮಾತಿನ ಮೇಲೆ ನಿಂತಿದೆ. ಒಂದು ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಇಳಿದರೇ ಕಿವಿಗೆ ಅರ್ಧದಷ್ಟು ಅನಿಸುತ್ತದೆ. ಆದರೆ ಗಾಳಿಯೂ ಅರ್ಧ ಆಗುತ್ತದೆ. ಅದಕ್ಕೇ ಸಣ್ಣ ಫ್ಯಾನ್ ತೆಗೆದು 140 ಮಿಲಿಮೀಟರಿನವು ಮೂರು ಹಾಕಿದ, ನಿಧಾನ ತಿರುಗಿದರೂ ಸಾಕಷ್ಟು ಗಾಳಿ ತಳ್ಳುತ್ತವೆ. ಹಾರ್ಡ್‌ಡಿಸ್ಕ್ ಬೇಡವೇ ಬೇಡ ಅಂದು ಎಸ್‌ಎಸ್‌ಡಿ ಹಾಕಿದ, ಅದರಲ್ಲಿ ತಿರುಗುವುದು ಏನೂ ಇಲ್ಲ. ಫ್ಯಾನಿನ ಮೂಲೆಗೆ ಸ್ಕ್ರೂ ಬದಲು ರಬ್ಬರ್ ಗೂಟ, ಡಬ್ಬಿಯ ತಗಡು ನಡುಗಬಾರದು ಅಂತ. ಮುಂದೆ ಜಾಳಿಗೆ, ಏಕೆಂದರೆ ನಮ್ಮ ಊರಿನ ಎರೆಮಣ್ಣಿನ ಧೂಳು, ಹತ್ತಿಯ ಪಿಂಜು ಒಳಗೆ ಕೂತರೆ ಮೂರು ತಿಂಗಳಿಗೆ ಎಲ್ಲಾ ಶ್ರಮ ನೀರುಪಾಲು. ಕೊನೆಗೆ 170 ವ್ಯಾಟ್ ಕುಡಿಯುವ ಕಾರ್ಡನ್ನು 120ಕ್ಕೆ ಕಟ್ಟಿಹಾಕಿದ. ನನ್ನ ಆಟದಲ್ಲಿ 80 ಫ್ರೇಮ್ ಇದ್ದದ್ದು 74 ಆಯಿತು. "ಆ ಆರು ಫ್ರೇಮ್ ಕಾಕಾನ ಕಿವಿಗೆ ದಾನ" ಅಂದ.

ಮಜೂರಿ ತಗೊಳ್ಳಲಿಲ್ಲ, ಸಾಮಾನಿನ ರೊಕ್ಕ ಅಷ್ಟೇ. ಅವ್ವ ಒಂದು ಡಬ್ಬಿ ಶೇಂಗಾ ಹೋಳಿಗೆ ಮಾಡಿ ಕಳಿಸಿದಳು. ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ತಂದೆ. ದಾರಿಯಲ್ಲಿ ಕಾರ್ಡಿನ ಭಾರಕ್ಕೆ ಬೋರ್ಡಿನ ಸಂದು ಮುರಿಯಬಾರದು ಅಂತ ಕಾರ್ಡನ್ನು ಬಿಚ್ಚಿ ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಶಿರಹಟ್ಟಿಯಲ್ಲಿ ಹತ್ತಿದ ಒಬ್ಬ ಅಜ್ಜಿ "ಕೂಸೇನಪಾ?" ಅಂತ ಕೇಳಿದರು.

ಆ ರಾತ್ರಿ ಪಡಸಾಲೆಯಲ್ಲಿ ಚಾಲೂ ಮಾಡಿದೆ. ಮೊಬೈಲ್ ಆ್ಯಪಿನ ಡೆಸಿಬೆಲ್ ಲೆಕ್ಕ ಪಕ್ಕಾ ಅಲ್ಲ, ಆದರೆ ಒಂದೇ ಜಾಗದಿಂದ ಅಳೆದರೆ ಹೋಲಿಕೆಗೆ ನಡೀತದ. ಹಳೆಯದು ಆಟದ ವೇಳೆ 52 ತೋರಿಸುತ್ತಿತ್ತು. ಇದು 33. ಗೋಡೆ ಗಡಿಯಾರದ ಟಿಕ್‌ಟಿಕ್ ಕೇಳುತ್ತಿತ್ತು. ಏಪ್ರಿಲ್ ಬಿಸಿಲಿನಲ್ಲಿ ಇದು ಸ್ವಲ್ಪ ಏರುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಕೋಣೆಯ ಗಾಳಿಗಿಂತ ತಂಪು ಮಾಡುವ ಫ್ಯಾನ್ ಇನ್ನೂ ಹುಟ್ಟಿಲ್ಲ.

ಅಪ್ಪ ಮಂಚದ ಮೇಲೆ ಕೂತಿದ್ದರು, ಕಿವಿಯ ಮಷೀನು ಹಾಕಿಕೊಂಡೇ. ಅರ್ಧ ತಾಸಿನ ಮೇಲೆ ಕೇಳಿದರು, "ಯಾವಾಗ ಚಾಲೂ ಮಾಡ್ತೀ?"

"ಚಾಲೂನ ಐತಿ ಅಪ್ಪಾ."

ಎದ್ದು ಬಂದು ಡಬ್ಬಿಯ ಮೇಲೆ ಅಂಗೈ ಇಟ್ಟರು. ಮಗ್ಗ ಪರೀಕ್ಷೆ ಮಾಡುವಾಗ ಇಡುತ್ತಿದ್ದ ಹಾಗೆ. ಏನೂ ಅನ್ನಲಿಲ್ಲ. ಆಮೇಲೆ ಬಾಗಿಲ ಕಡೆ ಮುಖ ಮಾಡಿ, "ಹಿಂದಿನ ಓಣ್ಯಾಗಿನ ಮಗ್ಗದ ಲಾಳಿ ಸರಿ ಬಡಿಯವಲ್ದು, ಹೇಳಬೇಕು ಅವರಿಗೆ" ಅಂದರು. ನಾನು ಕಿವಿಗೊಟ್ಟೆ. ನನಗೆ ಬರೀ ಟಕಾಟಕ್ ಕೇಳಿತು. ತಪ್ಪು ಎಲ್ಲಿದೆ ತಿಳಿಯಲಿಲ್ಲ. ಮರುದಿನ ಹೋಗಿ ಹೇಳಿ ಬಂದರು. ಅವರು ಹೇಳಿದ್ದು ಖರೇ ಇತ್ತಂತೆ.

ಇದು ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ನಡೆಸಿದ ವೀರೇಶ್ವರ ಪುಣ್ಯಾಶ್ರಮದ ಊರು. ಕಣ್ಣಿಲ್ಲದ ಸಾವಿರಾರು ಮಕ್ಕಳು ಕಿವಿಯನ್ನೇ ನಂಬಿ ಸಂಗೀತಗಾರರಾದ ಊರು. ಅದೇ ಊರಿನಲ್ಲಿ ಎಷ್ಟೋ ಕಿವಿಗಳನ್ನು ನಾವು ಮಗ್ಗಕ್ಕೆ ಕೊಟ್ಟೆವು. ಜಿನ್ನು ತಂದವರು ಜಿನ್ನಿನ ಪಕ್ಕ ಮಲಗಲಿಲ್ಲ. ಪವರ್‌ಲೂಮಿನ ಬೆಲೆ ಕಟ್ಟಿದವರು ಅದರ ಮುಂದೆ ಮೂವತ್ತು ವರ್ಷ ನಿಲ್ಲಲಿಲ್ಲ. ಯಂತ್ರದ ಲಾಭ ಒಬ್ಬರಿಗೆ, ಸಪ್ಪಳ ಇನ್ನೊಬ್ಬರಿಗೆ ಅನ್ನುವುದು ನೂರೈವತ್ತು ವರ್ಷದ ವಾಡಿಕೆ. ನಮ್ಮ ಪಡಸಾಲೆಯಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆ. ಆಟ ನನ್ನದು, ಸಪ್ಪಳ ಅಪ್ಪನದು. ಯಾರ ಮನೆಯಲ್ಲಿ, ಯಾರ ಪಕ್ಕದಲ್ಲಿ ಈ ಯಂತ್ರ ಇರುತ್ತದೆ ಅಂತ ಕೇಳಿ ಕಟ್ಟುವ ಒಬ್ಬ ದೋಸ್ತ ಸಿಕ್ಕಿದ್ದರಿಂದ ಅದು ಬದಲಾಯಿತು.

ನಿಮ್ಮ ಊರಲ್ಲಿ ಗಿರಣಿ, ಛಾಪಖಾನೆ, ಮಗ್ಗದ ಮುಂದೆ ದುಡಿದ ಹಿರಿಯರು ಇದ್ದರೆ, ಇವತ್ತು ಟಿವಿ, ಮೊಬೈಲು ಎಲ್ಲಾ ಬಂದ್ ಮಾಡಿ ಅವರ ಎದುರಿಗೆ ಕೂತು ಮಾತಾಡ್ಸಿ ನೋಡ್ರಿ. ಮುಂದಿನ ಕಂತಿನಾಗ ಸಿಗೋಣು. ಬರ್ತೀನ್ರಿ.