ಸ್ಪ್ಯಾನರಿನ ಮೇಲಿನ ಅಂಕಿ

ಮೋಟಾರುಗಾಡಿಯ ದುರಸ್ತಿಯನ್ನು ಕುರಿತು ಇತಿಹಾಸದ ಉಪನ್ಯಾಸಕನೊಬ್ಬನು ಮಾತನಾಡಹೊರಟರೆ ಶ್ರೋತೃಗಳಿಗೆ ನಗು ಬಂದೀತು. ಆ ವಿದ್ಯೆಗೂ ನನಗೂ ಇದ್ದ ನಂಟು ಬಹುಕಾಲ ಹಣ ತೆರುವವನ ನಂಟು ಮಾತ್ರವೇ ಆಗಿದ್ದಿತು. ಆದರೆ ತಂದೆಯವರಿಂದ ನನ್ನ ಪಾಲಿಗೆ ಬಂದ ಹಳೆಯ ಇಂಗ್ಲಿಷ್ ಕಾರೊಂದು, ಒಂದೇ ಒಂದು ನಟ್ಟಿನ ದೆಸೆಯಿಂದ, ನನ್ನನ್ನು ನೂರೆಂಬತ್ತು ವರ್ಷಗಳಷ್ಟು ಹಿಂದಕ್ಕೆ ಎಳೆದುಕೊಂಡು ಹೋಯಿತು.

ಹಿಂಬದಿಯ ಚಕ್ರದ ಬ್ರೇಕನ್ನು ಬಿಚ್ಚಬೇಕಾಗಿತ್ತು. ಬ್ರೇಕಿನ ತಟ್ಟೆಯನ್ನು ಹಿಡಿದಿದ್ದ ನಟ್ಟಿಗೆ ಗ್ಯಾರೇಜಿನ ಹುಡುಗನು 13ರ ಸ್ಪ್ಯಾನರನ್ನು ಹಾಕಿದನು, ಅದು ಹಿಡಿಸಲಿಲ್ಲ. 14ನ್ನು ಹಾಕಿದನು, ಹಿಡಿಸಿತು, ಆದರೆ ಸಡಿಲ. ಬಲವಾಗಿ ಎಳೆದೊಡನೆ ಅದು ಜಾರಿ ಅವನ ಬೆರಳ ಗೆಣ್ಣುಗಳು ಸುಲಿದುವು. ಇನ್ನೆರಡು ಸಲ ಎಳೆಯುವುದರೊಳಗೆ ನಟ್ಟಿನ ಮೂಲೆಗಳು ಸವೆದು ಗುಂಡಗಾದುವು. ಬಳಿಕ ಚಾಣ ಸುತ್ತಿಗೆಗಳು ಬಂದುವು. ಕೆಲಸ ಮುಗಿದ ಮೇಲೆ ಅದೇ ನಟ್ಟನ್ನೇ ಮತ್ತೆ ತಿರುಗಿಸಿ ಕೂರಿಸಿದರು. ಮೂಲೆ ಹೋದ ನಟ್ಟನ್ನು ಬಿಚ್ಚುವುದು ಹೇಗೆ ಕಷ್ಟವೋ ಹಾಗೆಯೇ ಬಿಗಿಮಾಡುವುದೂ ಅಸಾಧ್ಯವಲ್ಲವೆ? ಆ ಬ್ರೇಕನ್ನು ನಂಬಿ ನಾನು ಹೆಂಡತಿ ಮಕ್ಕಳೊಡನೆ ಚಾಮುಂಡಿ ಬೆಟ್ಟವನ್ನು ಇಳಿದು ಬಂದೆನೆಂಬುದನ್ನು ನೆನೆದರೆ ಈಗಲೂ ಮೈ ಬೆವರುತ್ತದೆ.

ಸ್ಪ್ಯಾನರು ಹೊಸದು, ಉಕ್ಕು ಒಳ್ಳೆಯದು, ಹುಡುಗನೂ ಶ್ರದ್ಧಾವಂತನೇ. ತಪ್ಪು ಇದ್ದುದು ಅಳತೆಯಲ್ಲಿ. ಆ ತಪ್ಪಿನ ಮೂಲವನ್ನು ಹುಡುಕಬೇಕಾದರೆ ನಾವು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರಕ್ಕೆ ಹೋಗಬೇಕು.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಒಂದೊಂದು ಕಾರ್ಖಾನೆಯೂ ತನ್ನ ಮನಸ್ಸಿಗೆ ಬಂದಂತೆ ತಿರುಪುಗಳನ್ನು ಕೊರೆಯುತ್ತಿದ್ದಿತು. ಒಂದೆಡೆ ಮಾಡಿದ ಬೋಲ್ಟಿಗೆ ಮತ್ತೊಂದೆಡೆ ಮಾಡಿದ ನಟ್ಟು ಕೂಡುತ್ತಿರಲಿಲ್ಲ. ಲಂಡನ್ನಿನಲ್ಲಿ ಹೆನ್ರಿ ಮಾಡ್ಸ್‌ಲೆ ಎಂಬ ಮಹಾಶಿಲ್ಪಿಯ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡು, 1833ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸ್ವಂತ ಉದ್ಯಮವನ್ನು ಆರಂಭಿಸಿದ ಜೋಸೆಫ್ ವಿಟ್‌ವರ್ತನು ಈ ಅವ್ಯವಸ್ಥೆಯನ್ನು ಸಹಿಸಲಾರದೆ ಹೋದನು. ಅವನು ಅನುಸರಿಸಿದ ಮಾರ್ಗವು ಚರಿತ್ರಕಾರನ ಮನಸ್ಸಿಗೆ ಬಹು ಹಿತವಾದುದು. ತನ್ನ ಬುದ್ಧಿಯಿಂದಲೇ ಹೊಸದೊಂದನ್ನು ಸೃಷ್ಟಿಸಿ ಎಲ್ಲರ ಮೇಲೆ ಹೇರದೆ, ದೇಶದ ನಾನಾ ಕಾರ್ಖಾನೆಗಳಿಂದ ತಿರುಪುಗಳನ್ನು ತರಿಸಿ, ಅಳೆದು, ಅವುಗಳ ಸರಾಸರಿಯನ್ನು ತೆಗೆದನು. ಎಳೆಗಳ ನಡುವಣ ಕೋನವು 55 ಡಿಗ್ರಿ, ಎಳೆಯ ತುದಿ ಬುಡಗಳು ದುಂಡಗೆ, ಇಂತಿಂಥ ದಪ್ಪಕ್ಕೆ ಅಂಗುಲಕ್ಕೆ ಇಷ್ಟಿಷ್ಟು ಎಳೆಗಳು ಎಂದು ಗೊತ್ತುಮಾಡಿ, 1841ರಲ್ಲಿ ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದಿಟ್ಟನು. ರೈಲ್ವೆಗಳು ಅದನ್ನು ಹಿಡಿದುವು. ಬ್ರಿಟಿಷರ ಯಂತ್ರಗಳು ಹೋದ ಕಡೆಗೆಲ್ಲ, ನಮ್ಮ ದೇಶಕ್ಕೂ, ಅದು ಹೋಯಿತು.

ಅಮೆರಿಕದವರು ಒಪ್ಪಲಿಲ್ಲ. 1864ರಲ್ಲಿ ಫಿಲಡೆಲ್ಫಿಯದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನಲ್ಲಿ ವಿಲಿಯಂ ಸೆಲ್ಲರ್ಸ್ ಎಂಬಾತನು, ದುಂಡು ತುದಿಯ ಎಳೆಯನ್ನು ಸಾಮಾನ್ಯ ಕೆಲಸಗಾರನು ಸರಿಯಾಗಿ ಕೊರೆಯುವುದು ಕಷ್ಟವೆಂದು ವಾದಿಸಿ, 60 ಡಿಗ್ರಿಯ ಕೋನವನ್ನೂ ಚಪ್ಪಟೆಯ ತುದಿಯನ್ನೂ ಸೂಚಿಸಿದನು. ವಾದದಲ್ಲಿ ಸತ್ತ್ವವಿದ್ದಿತೆಂದೇ ನನ್ನ ಅಭಿಪ್ರಾಯ. ಆದರೆ ಫಲವೇನಾಯಿತು? ಅರ್ಧ ಅಂಗುಲದ ಬೋಲ್ಟಿಗೆ ವಿಟ್‌ವರ್ತನ ಕ್ರಮದಲ್ಲಿ ಅಂಗುಲಕ್ಕೆ 12 ಎಳೆ, ಅಮೆರಿಕದ ಕ್ರಮದಲ್ಲಿ 13. ಕಣ್ಣಿಗೆ ಎರಡೂ ಒಂದೇ. ಕೈ ತಿರುಗಿಸಿದಾಗ ಎರಡು ಸುತ್ತಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಆಗ ಕೆಲಸಗಾರನು ಇನ್ನಷ್ಟು ಬಲ ಹಾಕಿದನೆಂದರೆ ಎರಡೂ ಕೆಟ್ಟಂತೆಯೇ.

ಇದಕ್ಕಿಂತಲೂ ತೊಡಕಿನ ಸಂಗತಿಯು ಸ್ಪ್ಯಾನರಿನ ಮೇಲೆ ಕೊರೆದಿರುವ ಅಂಕಿಯದು. ಅಮೆರಿಕದ ಸ್ಪ್ಯಾನರಿನಲ್ಲಿ 1/2 ಎಂದಿದ್ದರೆ ಅದರ ಬಾಯಿ ಅರ್ಧ ಅಂಗುಲ ಅಗಲವೆಂದು ಅರ್ಥ. ಇಂಗ್ಲಿಷ್ ಸ್ಪ್ಯಾನರಿನಲ್ಲಿ ಅಂಕಿಯು ಬಾಯಿಯ ಅಗಲವನ್ನಲ್ಲ, ಬೋಲ್ಟಿನ ದಪ್ಪವನ್ನು ಹೇಳುತ್ತದೆ. 1/4 ಎಂದು ಗುರುತಿರುವ ವಿಟ್‌ವರ್ತ್ ಸ್ಪ್ಯಾನರಿನ ಬಾಯಿ ಕಾಲು ಅಂಗುಲವಲ್ಲ, 0.525 ಅಂಗುಲ! ಅದೇ ಸ್ಪ್ಯಾನರಿನ ಮೇಲೆ 5/16 ಎಂಬ ಇನ್ನೊಂದು ಗುರುತೂ ಇರುವುದುಂಟು. ಅದು 1908ರಲ್ಲಿ ಬ್ರಿಟಿಷರೇ ಗೊತ್ತುಮಾಡಿದ ಸಣ್ಣ ಎಳೆಯ ಬೋಲ್ಟಿನ ಲೆಕ್ಕ. ಒಂದೇ ಬಾಯಿಗೆ ಎರಡು ಅಂಕಿ, ಎರಡೂ ಬಾಯಿಯ ಅಳತೆಯಲ್ಲ! ನನ್ನ ಕಾರಿನ ನಟ್ಟು ಈ ಜಾತಿಯದು. 0.525 ಅಂಗುಲವೆಂದರೆ ಸುಮಾರು 13.3 ಮಿಲಿಮೀಟರು. 13 ಏಕೆ ಹಿಡಿಸಲಿಲ್ಲ, 14 ಏಕೆ ಜಾರಿತು ಎಂಬುದು ಇದರಿಂದ ವಿಶದವಾಗುತ್ತದೆ. 0.7 ಮಿಲಿಮೀಟರಿನ ಸಂದಿನಲ್ಲಿ ನನ್ನ ಸಂಸಾರವೇ ತೂಗಾಡಿದಂತಾಯಿತು.

ಎರಡನೆಯ ಮಹಾಯುದ್ಧದಲ್ಲಿ ಈ ಭೇದದ ಬೆಲೆಯನ್ನು ರಾಷ್ಟ್ರಗಳೇ ತೆರಬೇಕಾಯಿತು. ಇಂಗ್ಲೆಂಡಿನ ಮರ್ಲಿನ್ ವಿಮಾನಯಂತ್ರವನ್ನು ತಯಾರಿಸಲು ಒಪ್ಪಿದ ಅಮೆರಿಕದ ಪ್ಯಾಕರ್ಡ್ ಕಂಪೆನಿಯು ಬ್ರಿಟಿಷ್ ಎಳೆಯನ್ನು ಕೊರೆಯುವ ಹತ್ಯಾರುಗಳನ್ನು ತಾನೇ ಮಾಡಿಕೊಳ್ಳಬೇಕಾಯಿತು. ಯುದ್ಧ ಮುಗಿದ ಮೇಲೆ, 1948ರ ನವೆಂಬರಿನಲ್ಲಿ, ಅಮೆರಿಕ, ಬ್ರಿಟನ್, ಕೆನಡಾಗಳು 60 ಡಿಗ್ರಿಯ ಏಕರೂಪದ ಎಳೆಗೆ ಒಪ್ಪಿ ಸಹಿ ಹಾಕಿದುವು. ನಮ್ಮ ದೇಶವು 1956ರ ಶಾಸನದಿಂದ ಮೆಟ್ರಿಕ್ ಪದ್ಧತಿಯನ್ನು ಹಿಡಿಯಿತು. ಶಾಸನಗಳು ಬದಲಾದುವು, ಆದರೆ ಹಳೆಯ ನಟ್ಟುಗಳು ಇದ್ದಲ್ಲಿಯೇ ಉಳಿದುವು.

ಆದುದರಿಂದ ಗ್ಯಾರೇಜನ್ನು ತೆರೆಯತಕ್ಕವರು ಮೊದಲು ಕೇಳಿಕೊಳ್ಳಬೇಕಾದುದು ಹೊಳಪನ್ನೂ ಬೆಲೆಯನ್ನೂ ಅಲ್ಲ, ತಮ್ಮ ಬಾಗಿಲಿಗೆ ಬರುವ ಗಾಡಿಗಳು ಯಾವ ಅಳತೆಯವು ಎಂಬುದನ್ನು. ತೆರೆದ ಬಾಯಿಯ ಸ್ಪ್ಯಾನರು ನಟ್ಟಿನ ಎರಡು ಮುಖಗಳನ್ನು ಮಾತ್ರ ಹಿಡಿಯುತ್ತದೆ. ಉಂಗುರದಂಥದು ಸುತ್ತಲೂ ಹಿಡಿಯುತ್ತದೆ. ಬಿಗಿದು ಕುಳಿತ ನಟ್ಟಿಗೆ ಎರಡನೆಯದೇ ತಕ್ಕುದು. ಬಾಯಿಯನ್ನು ಹಿಗ್ಗಿಸಿ ಕುಗ್ಗಿಸುವ ಸ್ಪ್ಯಾನರೂ ಒಂದುಂಟು. ಅದು ಸರ್ವರೋಗಕ್ಕೂ ಒಂದೇ ಕಷಾಯವೆನ್ನುವ ವೈದ್ಯನಂತೆ. ಬೇರೆ ಗತಿಯಿಲ್ಲದಾಗ ಮಾತ್ರ ಕರೆಯಬೇಕು. ಹಿಡಿಗೆ ಕೊಳವೆಯನ್ನು ಸಿಕ್ಕಿಸಿ ಎಳೆದರೆ ಬಾಯಿ ಅಗಲವಾಗುತ್ತದೆ, ಆಮೇಲೆ ಅದರ ಮೇಲಿನ ಅಂಕಿ ಸುಳ್ಳಾಗುತ್ತದೆ. ಸ್ಪ್ಯಾನರಿನಿಂದ ಸುತ್ತಿಗೆಯ ಕೆಲಸ ಮಾಡಿಸಿದರೂ ಅದೇ ಗತಿ. ಸಂಜೆಗೆ ಸೀಮೆಯೆಣ್ಣೆಯಲ್ಲಿ ತೊಳೆದು, ಒರಸಿ, ಬಾಯಿ ಸವೆದುದನ್ನು ಆರಿಸಿ ತೆಗೆದುಹಾಕುವುದಕ್ಕೆ ಕಾಲು ಗಂಟೆಯೂ ಹಿಡಿಯದು. ಸವೆದುದನ್ನು ‘ಇರಲಿ’ ಎಂದು ಪೆಟ್ಟಿಗೆಗೆ ಹಿಂದಿರುಗಿಸುವ ಪದ್ಧತಿಯಿದೆಯಲ್ಲ, ಅದರಿಂದ ಕೆಟ್ಟ ನಟ್ಟುಗಳಿಗೆ ಲೆಕ್ಕವಿಲ್ಲ.

ಕೊನೆಗೆ ನನ್ನ ಕಾರು ಒಬ್ಬ ವೃದ್ಧ ಮೇಸ್ತ್ರಿಯ ಬಳಿಗೆ ಹೋಯಿತು. ಆತನು ನಟ್ಟನ್ನು ಮುಟ್ಟುವ ಮೊದಲು ಗಾಡಿಯ ಊರು ಯಾವುದೆಂದು ಕೇಳಿದನು. ‘ಇಂಗ್ಲೆಂಡ್’ ಎಂದೆ. ಗೋಡೆಯ ಮೇಲೆ ಮೂರು ಹಲಗೆಗಳು. ಒಂದೊಂದಕ್ಕೂ ಬೇರೆ ಬಣ್ಣ. ಹಸುರು ಹಲಗೆಯಿಂದ ಒಂದನ್ನು ತೆಗೆದು, ಹಾಳಾದ ನಟ್ಟಿನ ಪಕ್ಕದಲ್ಲಿದ್ದ ಮತ್ತೊಂದಕ್ಕೆ ತೊಡಿಸಿ, ಎಡಗೈಯಿಂದಲೇ ತಿರುಗಿಸಿದನು. ಅದು ಸದ್ದಿಲ್ಲದೆ ಬಿಚ್ಚಿಕೊಂಡಿತು.