ಸಂಧಿವಾತ: ರೋಗಿಯ ಸ್ವಯಂ ನಿಗಾ ಮತ್ತು ಚಿಕಿತ್ಸೆಯ ವೆಚ್ಚ

ಉರಿಯೂತದ ಸಂಧಿವಾತಗಳಲ್ಲಿ ಪ್ರಮುಖವಾದುದು ರುಮಟಾಯ್ಡ್ ಸಂಧಿವಾತ. ವಯಸ್ಸಾದಂತೆ ಮಂಡಿ ಸವೆದು ಬರುವ ನೋವು ಬೇರೆ, ಇದು ಬೇರೆ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವುದರಿಂದ ಬೆರಳು, ಮಣಿಕಟ್ಟುಗಳು ಊದಿಕೊಳ್ಳುತ್ತವೆ. ಬೆಳಗಿನ ಬಿಗಿತವು ಗಂಟೆಗೂ ಮೀರಿ ಉಳಿಯುವುದುಂಟು. ಬೇಗ ಹತೋಟಿಗೆ ತರದಿದ್ದರೆ ಮೂಳೆ ಕೊರೆದು ಕೈಯ ಆಕಾರವೇ ಕೆಡುತ್ತದೆ. ಹಾಗೆ ಕೆಟ್ಟುದನ್ನು ಔಷಧಿ ಮರಳಿ ಸರಿಪಡಿಸಲಾರದು.

ಈ ಕಾಯಿಲೆ ವೈದ್ಯರು ಕೊಟ್ಟ ತಾರೀಖನ್ನು ನೋಡಿಕೊಂಡು ಕೆರಳುವುದಿಲ್ಲ. ಗ್ಲಾಸ್ಗೋದಲ್ಲಿ ನಡೆದು 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಟಿಕೋರಾ ಅಧ್ಯಯನವು, ತಿಂಗಳಿಗೊಮ್ಮೆ ರೋಗವನ್ನು ಅಳೆದು ಔಷಧಿಯನ್ನು ಹೊಂದಿಸುತ್ತ ಹೋದರೆ ಫಲ ಬಹಳ ಉತ್ತಮವೆಂದೂ, ಒಟ್ಟು ವೆಚ್ಚ ಏರುವುದಿಲ್ಲವೆಂದೂ ತೋರಿಸಿತು. ಆದರೆ ಪ್ರತಿಯೊಬ್ಬರನ್ನೂ ತಿಂಗಳಿಗೊಮ್ಮೆ ನೋಡಲು ತಜ್ಞರೆಲ್ಲಿದ್ದಾರೆ? ರೋಗಿಯೇ ಅಳೆಯಬಹುದೆಂಬ ವಿಚಾರಕ್ಕೆ ಇಲ್ಲಿ ಬೆಲೆ ಬರುತ್ತದೆ.

ಅಳತೆಗೋಲು ಸರಳವಾಗಿದೆ. ರ್‍ಯಾಪಿಡ್-3 ಎಂಬ ಪ್ರಶ್ನಾವಳಿಯಲ್ಲಿ ದಿನನಿತ್ಯದ ಕೆಲಸ, ನೋವು, ಒಟ್ಟಾರೆ ಸ್ಥಿತಿ ಇವು ಮೂರಕ್ಕೂ ತಲಾ 10 ಅಂಕ. ಮೊತ್ತ 3ರೊಳಗಿದ್ದರೆ ರೋಗ ಶಮನದಲ್ಲಿದೆಯೆಂದು, 12 ಮೀರಿದರೆ ತೀವ್ರವೆಂದು ಲೆಕ್ಕ. ರಕ್ತಪರೀಕ್ಷೆ ಬೇಕಿಲ್ಲ, ಕೆಲವೇ ನಿಮಿಷ ಸಾಕು.

ಉಳಿತಾಯಕ್ಕೆ ಪುರಾವೆಯೂ ಉಂಟು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 209 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರು ತಮಗೆ ಬೇಕೆನಿಸಿದಾಗ ಮಾತ್ರ ಆಸ್ಪತ್ರೆಗೆ ಬರಲೆಂದು ಬಿಡಲಾಯಿತು. ಆರು ವರ್ಷಗಳ ಫಲಿತಾಂಶ 2005ರಲ್ಲಿ ಪ್ರಕಟವಾಯಿತು: ಆ ಗುಂಪಿನಲ್ಲಿ ಆಸ್ಪತ್ರೆಯ ಭೇಟಿಗಳು ಶೇಕಡಾ 38ರಷ್ಟು ಕಡಿಮೆ, ಆರೋಗ್ಯ ಮಾತ್ರ ಇನ್ನೊಂದು ಗುಂಪಿಗಿಂತ ಕೆಟ್ಟಿರಲಿಲ್ಲ. 2022ರಲ್ಲಿ ಪ್ರಕಟವಾದ ಆಮ್‌ಸ್ಟರ್‌ಡ್ಯಾಮ್‌ನ ಅಧ್ಯಯನದಲ್ಲಿ 103 ಮಂದಿಯ ಪೈಕಿ ಒಂದು ಗುಂಪಿನವರು ವಾರಕ್ಕೊಮ್ಮೆ ಮೊಬೈಲಿನಲ್ಲಿ ಇದೇ ಪ್ರಶ್ನಾವಳಿಯನ್ನು ತುಂಬಿದರು; ತಜ್ಞರ ಸಮಾಲೋಚನೆ ಅಲ್ಲಿಯೂ ಶೇಕಡಾ 38 ಇಳಿಯಿತು. ಅಂಕಿ ಒಂದೇ ಆದದ್ದು ಕಾಕತಾಳೀಯವಿರಬೇಕು. ಆಮ್‌ಸ್ಟರ್‌ಡ್ಯಾಮ್‌ನವರು ರೋಗ ಹತೋಟಿಯಲ್ಲಿದ್ದವರನ್ನೇ ಆರಿಸಿದ್ದರೆಂಬುದನ್ನು ಮರೆಯಬಾರದು. ಹೊಸ ರೋಗಿಗೆ ಈ ಲೆಕ್ಕ ಹೊಂದದು.

ನಾನು ವೈದ್ಯನಲ್ಲ, ಬ್ಯಾಂಕಿನ ನೌಕರ. ಆದ್ದರಿಂದ ಖರ್ಚಿನ ಕಾಲಮ್ಮಿನ ಕಡೆಗೇ ಕಣ್ಣು ಹೋಗುತ್ತದೆ. ಜೈವಿಕ ಔಷಧಿಗಳನ್ನು ಪಡೆಯುವವರಲ್ಲಿ ಖರ್ಚಿನ ಸಿಂಹಪಾಲು ಔಷಧಿಯದೇ. ಭೇಟಿ ತಪ್ಪಿಸಿದರೆ ಆಸ್ಪತ್ರೆಗೆ ಉಳಿಯುವುದು ಅಲ್ಪವೇ. ಆದರೆ ಮಹಾನಗರದ ರೋಗಿಗೆ ಅರ್ಧ ದಿನದ ರಜೆ, ಊದಿದ ಕೈಯಲ್ಲಿ ಲೋಕಲ್ ಟ್ರೇನಿನ ಕಂಬಿ ಹಿಡಿಯುವ ಪಾಡು, ಜೊತೆಗೆ ಬರುವವರ ಕೂಲಿ ಇವು ಯಾವುವೂ ಆಸ್ಪತ್ರೆಯ ಖಾತೆಯಲ್ಲಿ ಕಾಣುವುದಿಲ್ಲ. ಇವನ್ನೂ ಸೇರಿಸಿ ಕೂಡಿದರೆ ಮಾತ್ರ ಸ್ವಯಂ ನಿಗಾದ ನಿಜವಾದ ಲಾಭ ತಿಳಿಯುತ್ತದೆ.

ತೊಡಕುಗಳಿಲ್ಲದಿಲ್ಲ. ಸವೆದ ಮಂಡಿಯ ನೋವಿನಿಂದಲೂ ಅಂಕ ಏರಬಹುದು. ಅದನ್ನು ಉರಿಯೂತವೆಂದು ತಿಳಿದು ಔಷಧಿ ಹೆಚ್ಚಿಸಿದರೆ ದುಡ್ಡೂ ದಂಡ, ದೇಹಕ್ಕೂ ಹಾನಿ. ಇದರ ವಿರುದ್ಧದ ತಪ್ಪು ಇನ್ನೂ ಅಪಾಯಕರ. ಈ ರೋಗ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ನೋವನ್ನು ನುಂಗಿಕೊಂಡೇ ಅಡುಗೆಮನೆಯ ಕೆಲಸ ಮುಗಿಸುವ ಗೃಹಿಣಿ 7 ಎಂದು ಬರೆಯಬೇಕಾದಲ್ಲಿ 3 ಎಂದು ಬರೆಯುತ್ತಾಳೆ, ಅಷ್ಟರಲ್ಲಿ ಕೀಲು ಕೊರೆಯುತ್ತಲೇ ಇರುತ್ತದೆ.

ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಅಂಕ ಎಷ್ಟೇ ಚೆನ್ನಾಗಿದ್ದರೂ ರಕ್ತಕಣ, ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆಯನ್ನು ವೈದ್ಯರು ಹೇಳಿದ ಅವಧಿಗೆ ಮಾಡಿಸಲೇಬೇಕು. ಈ ಮಾತ್ರೆ ವಾರಕ್ಕೆ ಒಂದೇ ದಿನದ್ದು; ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ನೋವಿನ ಅಂಕವನ್ನು ಬರೆಯುವ ಪುಸ್ತಕದಲ್ಲಿಯೇ ಆ ವಾರದ ಹೆಸರನ್ನೂ, ಮಾತ್ರೆಗಳ ಸಂಖ್ಯೆಯನ್ನೂ ಬರೆದಿಡುವುದು ಒಳ್ಳೆಯದು.